ಬಚ್ಚಲಿನ ಕೊಳವೆಗೂ ಸಂಡಾಸಿನ ಕೊಳವೆಗೂ ಅಳತೆ ಬೇರೆಯೇಕೆ?

ನಮ್ಮ ವಸತಿಗೃಹದ ಹೊಸ ಬಚ್ಚಲುಮನೆಗಳ ಕೆಲಸವನ್ನು ನೋಡುವುದಕ್ಕೆಂದು ಬಂದ ತಂದೆತಾಯಿಗಳಲ್ಲಿ ಅನೇಕರು, ಗೋಡೆಯ ಬದಿಯಲ್ಲಿ ರಾಶಿಹಾಕಿದ್ದ ಕೊಳವೆಗಳನ್ನು ಕಂಡು, ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು. ಕೈತೊಳೆಯುವ ಬೇಸಿನ್ನಿಗೆ ಹೆಬ್ಬೆರಳಿಗಿಂತ ತುಸುವೇ ದಪ್ಪನಾದ ಕೊಳವೆ. ಬಚ್ಚಲಿಗೆ ಅದಕ್ಕಿಂತ ದೊಡ್ಡದು. ಸಂಡಾಸಿಗೆ ಮತ್ತೂ ದೊಡ್ಡದು. ಹೊರಗಿನ ಮುಖ್ಯ ಕೊಳವೆಯಂತೂ ಎಲ್ಲಕ್ಕಿಂತ ದೊಡ್ಡದು. ಹರಿಯುವುದು ನೀರೇ ಅಲ್ಲವೇ? ಒಂದೇ ಅಳತೆಯದನ್ನು ಸಗಟಾಗಿ ಕೊಂಡಿದ್ದರೆ ಹಣ ಉಳಿಯುತ್ತಿರಲಿಲ್ಲವೇ? ಕೆಲಸಕ್ಕೆ ಬಂದಿದ್ದ ಹಿರಿಯ ಗೌಂಡಿಯೂ ಮೊದಲ ದಿವಸವೇ ನಮಗೆ, "ಅಕ್ಕೋರೆ, ಎಲ್ಲಾದಕ್ಕೂ ಆರಿಂಚಿಂದೇ ಹಾಕ್ಬಿಡ್ತೀನ್ರಿ, ಎಂದೂ ಕಟ್ಟಂಗಿಲ್ಲ" ಎಂದು ಉದಾರವಾಗಿ ಹೇಳಿದ್ದನು. ಕೆಲವರು ಹಣ ಉಳಿಸುವುದಕ್ಕಾಗಿ ಎಲ್ಲವನ್ನೂ ಕಿರಿದುಮಾಡಬೇಕೆನ್ನುವರು. ಕೆಲವರು ನಿಶ್ಚಿಂತೆಗಾಗಿ ಎಲ್ಲವನ್ನೂ ಹಿರಿದುಮಾಡಬೇಕೆನ್ನುವರು. ಈ ಎರಡು ಅಭಿಪ್ರಾಯಗಳೂ ತಪ್ಪೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಸ್ಮರಣ ಸಂಚಿಕೆಯಲ್ಲಿ ಇಂಥ ವಿಷಯವೇ ಎಂದು ಯಾರಾದರೂ ಮೂಗು ಮುರಿಯಬಹುದು. ಆದರೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗ ಮನೆ ಕಟ್ಟಿಸುತ್ತಿರುವರು. ಮನೆಯ ಬಣ್ಣವನ್ನು ನಾಳೆ ಬದಲಾಯಿಸಬಹುದು, ಬಾಗಿಲನ್ನೂ ಬದಲಾಯಿಸಬಹುದು. ಶಹಾಬಾದಿ ಫರಸಿಯ ಕೆಳಗೆ ಒಮ್ಮೆ ಹೂತ ಕೊಳವೆಯನ್ನು ಬದಲಾಯಿಸಬೇಕಾದರೆ ನೆಲವನ್ನೇ ಒಡೆಯಬೇಕು. ಅದನ್ನು ಗೊತ್ತುಮಾಡುವವರು ಅಂಗಳದಲ್ಲಿ ನಿಂತ ಗಂಡಸರು. ಅದು ಕಟ್ಟಿಕೊಂಡ ದಿನ ಬವಣೆಪಡುವವಳು ಒಳಗಿರುವ ಹೆಂಗಸು. ಹೀಗಿರಲಾಗಿ ಅವಳಿಗೂ ಇದರ ಕಾರಣ ತಿಳಿದಿರುವುದು ಯುಕ್ತ.

ಮೊದಲನೆಯ ಸಂಗತಿಯೇನೆಂದರೆ, ಕೊಳವೆಯ ಅಳತೆಯನ್ನು ನಿಶ್ಚಯಿಸುವುದು ದಿನಕ್ಕೆ ಎಷ್ಟು ನೀರು ಹೋಗುವುದೆಂಬುದಲ್ಲ. ಒಂದೇ ಗಳಿಗೆಯಲ್ಲಿ ಎಷ್ಟು ಬರುವುದೆಂಬುದು. ದೇವಲ ಗಾಣಗಾಪುರದ ಸಂಗಮಕ್ಕೆ ಹೋಗುವ ದಾರಿಯನ್ನು ನೆನೆಯಿರಿ. ಬರಿಯ ದಿನಗಳಲ್ಲಿ ಅಲ್ಲಿ ಒಂದು ಬಂಡಿಯ ದಾರಿ ಸಾಕು. ದತ್ತ ಜಯಂತಿಯ ದಿನ ಎಷ್ಟಿದ್ದರೂ ಸಾಲದು. ವರ್ಷದ ಯಾತ್ರಿಕರನ್ನು ದಿನಗಳಿಂದ ಭಾಗಿಸಿ ದಾರಿಯ ಅಗಲವನ್ನು ಗೊತ್ತುಮಾಡುವ ಅಧಿಕಾರಿಯು ಆ ಒಂದು ದಿನ ಪೇಚಿಗೆ ಬೀಳುವನು. ಕೊಳವೆಯ ಮಾತೂ ಹಾಗೆಯೇ. ಬೇಸಿನ್ನಿನ ನೀರು ದಿನವಿಡೀ ಸೇರಿದರೆ ಸಣ್ಣದಲ್ಲ. ಆದರೂ ನಳವನ್ನು ತಿರುಗಿಸಿದಷ್ಟೇ ಸಣ್ಣ ಧಾರೆಯಾಗಿ ಅದು ಇಳಿದುಹೋಗುವುದು. ಸಂಡಾಸಿಗೆ ಹಾಗಲ್ಲ. ಫ್ಲಶ್ ತೊಟ್ಟಿಯಲ್ಲಿ ನಿಧಾನವಾಗಿ ತುಂಬಿದ ನೀರು ಕೆಲವೇ ಸೆಕೆಂಡುಗಳಲ್ಲಿ ಒಟ್ಟಿಗೆ ಧುಮುಕುವುದು. ಜೊತೆಗೆ ನೀರಲ್ಲದ ವಸ್ತುವನ್ನೂ ತರುವುದು. ಬಚ್ಚಲು ಇವೆರಡರ ನಡುವಿನದು. ತಂಬಿಗೆಯಿಂದ ಸುರಿದುಕೊಳ್ಳುವಾಗ ನೀರು ಸ್ವಲ್ಪಸ್ವಲ್ಪವೇ ಹೋಗುವುದು. ಕಡೆಗೆ ಉಳಿದ ಅರ್ಧ ಬಕೆಟ್ಟನ್ನು ಹುಡುಗಿಯು ನೆಲಕ್ಕೆ ಬೋರಲು ಹಾಕಿದಾಗ ಒಮ್ಮೆಲೇ ಹೋಗಬೇಕಾಗುವುದು.

ಆದಕಾರಣ ನಮ್ಮ ದೇಶದ ವಾಡಿಕೆಯಲ್ಲಿ ಬೇಸಿನ್ನಿಗೆ 32 ಮಿಲಿಮೀಟರು, ಎಂದರೆ ಒಂದೂಕಾಲು ಇಂಚು. ಅಡಿಗೆಮನೆಯ ಸಿಂಕಿಗೆ 40 ಅಥವಾ 50. ಬಚ್ಚಲಿನ ನೆಲಕ್ಕೆ, ಕೆಲಸದವರು ನಹಾನಿ ಟ್ರ್ಯಾಪು ಎಂದು ಕರೆಯುವ ಸ್ಥಳದಿಂದ ಮುಂದಕ್ಕೆ, ಸಾಮಾನ್ಯವಾಗಿ 75. ಸಂಡಾಸಿಗೆ 100, ಎಂದರೆ 4 ಇಂಚು. ಅಮೆರಿಕದವರು ಸಂಡಾಸಿಗೆ 3 ಇಂಚನ್ನೂ ಒಪ್ಪುವರು. ಅಂಕಿಗಳು ದೇಶದಿಂದ ದೇಶಕ್ಕೆ ಹೀಗೆ ಸ್ವಲ್ಪ ಬೇರೆಯಾದರೂ, ಯಾವುದು ಚಿಕ್ಕದು ಯಾವುದು ದೊಡ್ಡದು ಎಂಬ ಕ್ರಮ ಎಲ್ಲಿಯೂ ಬದಲಾಗದು.

ಇಲ್ಲಿ ಗಣಿತದ ಒಂದು ಮಾತನ್ನು ಹೇಳಲೇಬೇಕು. ನಮ್ಮ ಬಳಿ ರೇಖಾಗಣಿತ ಕಲಿತವರು ಕ್ಷಮಿಸುವರೆಂದು ನಂಬಿದ್ದೇವೆ. 4 ಇಂಚಿನ ಕೊಳವೆ 2 ಇಂಚಿನದಕ್ಕಿಂತ ಎರಡರಷ್ಟು ದೊಡ್ಡದೆಂದು ಜನರು ತಿಳಿಯುವರು. ವೃತ್ತದ ಕ್ಷೇತ್ರಫಲ ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಅದು ನಾಲ್ಕರಷ್ಟು ದೊಡ್ಡದು. ಅಷ್ಟೇ ಅಲ್ಲ, ದೊಡ್ಡ ಕೊಳವೆಯಲ್ಲಿ ಗೋಡೆಗೆ ತಗಲಿ ಉಜ್ಜಿಕೊಂಡು ನಿಧಾನವಾಗುವ ನೀರಿನ ಪಾಲು ಕಡಿಮೆ, ಆದುದರಿಂದ ಅದೇ ಇಳಿಜಾರಿನಲ್ಲಿ ಅದು ಸಾಗಿಸುವ ನೀರು ಸುಮಾರು ಆರರಷ್ಟಾಗುವುದು. ಅಳತೆಯಲ್ಲಿ ಒಂದು ಇಂಚನ್ನು ಉಳಿಸಿದವರು ಸಾಮರ್ಥ್ಯದಲ್ಲಿ ಎಷ್ಟನ್ನು ಕಳೆದುಕೊಳ್ಳುವರೆಂಬುದನ್ನು ಇದರಿಂದ ಊಹಿಸಬಹುದು.

ಹಾಗಾದರೆ ಗೌಂಡಿಯ ಆರಿಂಚಿನಿಂದ ಕೆಡುಕೇನು? ಇದಕ್ಕೆ ಉತ್ತರವನ್ನು ಭೀಮಾ ನದಿಯೇ ಕೊಡುವುದು. ಜೇವರ್ಗಿಯ ಕಡೆಯ ನಮ್ಮ ಮಕ್ಕಳು ಬೇಸಿಗೆಯಲ್ಲಿ ನೋಡಿದ್ದಾರೆ: ಅಗಲವಾದ ಪಾತ್ರದಲ್ಲಿ ಸ್ವಲ್ಪವೇ ನೀರು ತೆಳ್ಳಗೆ ಹರಡಿಕೊಂಡು ಹರಿಯುವಾಗ ಅದು ಉಸುಕಿನ ಒಂದು ಕಣವನ್ನೂ ಕದಲಿಸಲಾರದು. ಅದೇ ನೀರನ್ನು ಹೊಲದ ಕಿರಿದಾದ ಕಾಲುವೆಯೊಳಗೆ ಬಿಟ್ಟರೆ ಮಣ್ಣನ್ನೂ ಕಸವನ್ನೂ ತಳ್ಳಿಕೊಂಡು ಹೋಗುವುದು. ನೀರಿಗೆ ಬಲ ಬರುವುದು ಆಳದಿಂದ ಮತ್ತು ವೇಗದಿಂದ. ಈಗಿನ ಫ್ಲಶ್ ತೊಟ್ಟಿಗಳು 6 ಲೀಟರು, ಅಥವಾ ಅರ್ಧ ಒತ್ತಿದರೆ 3 ಲೀಟರು ಮಾತ್ರ ಬಿಡುವುವು. ಹಿಂದಿನವು 10 ಲೀಟರಿಗೂ ಹೆಚ್ಚು ಬಿಡುತ್ತಿದ್ದವು. ಆ 6 ಲೀಟರನ್ನು 4 ಇಂಚಿನ ಕೊಳವೆಗೆ ಬಿಟ್ಟರೆ ಮಲವನ್ನು ತೇಲಿಸಿಕೊಂಡು ಹೋಗುವಷ್ಟು ಆಳ ದೊರೆಯುವುದು. 6 ಇಂಚಿನದಕ್ಕೆ ಬಿಟ್ಟರೆ ನೀರು ತಳದಲ್ಲಿ ಹಾಳೆಯಂತೆ ಹರಡಿ ಮುಂದೆ ಓಡುವುದು, ಹೊರೆ ಹಿಂದೆ ನಿಲ್ಲುವುದು. ನಿಂತದ್ದು ಒಣಗುವುದು, ಒಣಗಿದ್ದರ ಮೇಲೆ ಮರುದಿನದ್ದು ಕೂಡುವುದು. ಹೀಗೆ "ಎಂದೂ ಕಟ್ಟದ" ಕೊಳವೆ ಕಟ್ಟಿಕೊಳ್ಳುವುದು.

ತನ್ನನ್ನು ತಾನೇ ತೊಳೆದುಕೊಳ್ಳುವಂತೆ ಕೊಳವೆಯಲ್ಲಿ ನೀರು ಸೆಕೆಂಡಿಗೆ ಮುಕ್ಕಾಲು ಮೀಟರಿನಷ್ಟಾದರೂ, ಎಂದರೆ ಸುಮಾರು ಎರಡೂವರೆ ಅಡಿ, ಓಡಬೇಕೆಂದು ಎಂಜಿನಿಯರರು ಹೇಳುವರು. ಇದಕ್ಕಾಗಿ 4 ಇಂಚಿನ ಕೊಳವೆಗೆ ಸುಮಾರು 60 ಅಡಿಗೆ 1 ಅಡಿಯ ಇಳಿಜಾರು ಬೇಕು. 15 ಅಡಿಯ ಕೊಳವೆಗೆ ಅದು ಬರಿಯ 3 ಇಂಚಾಯಿತು. ಕಣ್ಣಳತೆಯಲ್ಲಿ ಇದನ್ನು ಸಾಧಿಸುತ್ತೇವೆನ್ನುವವರನ್ನು ನಂಬಬೇಡಿರಿ. ನೀರ್ಮಟ್ಟದ ಕೊಳವೆಯನ್ನೂ ದಾರವನ್ನೂ ಹಿಡಿಸಿರಿ.

ಎರಡನೆಯ ಸಂಗತಿ ಗಾಳಿಯದು. ಇದು ಕಣ್ಣಿಗೆ ಕಾಣುವಂಥದಲ್ಲ. ಆದುದರಿಂದಲೇ ಹೆಚ್ಚಾಗಿ ಮರೆತುಹೋಗುವುದು. ಬೇಸಿನ್ನಿನ ಕೆಳಗೆ ಕೊಳವೆಯು ಬಾಗಿ ಮತ್ತೆ ಮೇಲೇರುವುದನ್ನು ನೀವು ನೋಡಿರುವಿರಿ. ಆ ಬಾಗಿನಲ್ಲಿ ಎರಡು ಇಂಚಿನಷ್ಟು ನೀರು ಯಾವಾಗಲೂ ನಿಂತಿರುವುದು. ಅದೇ ಟ್ರ್ಯಾಪು. ಗಟಾರದ ದುರ್ಗಂಧವೂ ಜಿರಲೆಯೂ ಮನೆಯೊಳಗೆ ಬಾರದಂತೆ ತಡೆಯುವ ಕಾವಲುಗಾರನು ಅಷ್ಟು ನೀರೇ. ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಸ್ಕಾಟ್ಲೆಂಡಿನ ಗಡಿಯಾರದ ಕೆಲಸಗಾರನು 1775ರಲ್ಲಿ ಇಂಥ ಬಾಗಿದ ಕೊಳವೆಯುಳ್ಳ ಶೌಚಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಎರಡೂವರೆ ಶತಮಾನವಾದರೂ ಇದಕ್ಕಿಂತ ಸುಲಭವಾದ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.

ಆದರೆ ಈ ಕಾವಲುಗಾರನನ್ನು ಎಳೆದೊಯ್ಯುವುದು ಸುಲಭ. ಕಿರಿದಾದ ಕೊಳವೆಯಲ್ಲಿ ನೀರು ಪೂರ್ಣವಾಗಿ ತುಂಬಿಕೊಂಡು ಇಳಿಯುವಾಗ ಪಿಚಕಾರಿಯ ದಂಡದಂತೆ ತನ್ನ ಹಿಂದಿನ ಗಾಳಿಯನ್ನು ಸೆಳೆಯುವುದು. ಆ ಸೆಳೆತಕ್ಕೆ ಸಿಕ್ಕಿದ ಟ್ರ್ಯಾಪುಗಳ ನೀರು ಗುಟುಕ್ ಎಂದು ಶಬ್ದಮಾಡಿ ಹೊರಟುಹೋಗುವುದು. ಮಹಡಿಯ ಸಂಡಾಸನ್ನು ತೊಳೆದಾಗ ಕೆಳಗಿನ ಬಚ್ಚಲು ಗುಳುಗುಳು ಎನ್ನುವ ಮನೆಗಳು ನಿಮಗೆ ಗೊತ್ತಿರಬಹುದು. ಅಲ್ಲಿ ನಡೆಯುತ್ತಿರುವುದು ಇದೇ. ಆದಕಾರಣ ಕೊಳವೆಯನ್ನು ನೀರು ಹಿಡಿಸುವಷ್ಟಕ್ಕೆ ಮಾತ್ರವಲ್ಲ, ನೀರಿನ ಜೊತೆಗೆ ಗಾಳಿಯೂ ಹಿಡಿಸುವಷ್ಟಕ್ಕೆ ಮಾಡಬೇಕು. ಅಡ್ಡ ಕೊಳವೆಯು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನಿಂತ ಕೊಳವೆಯಲ್ಲಿ ನೀರು ಗೋಡೆಯನ್ನು ಸವರಿಕೊಂಡು ಇಳಿಯಬೇಕು, ನಡುವೆ ಗಾಳಿಯ ದಾರಿ ತೆರೆದಿರಬೇಕು. ಅದರ ತಲೆಯನ್ನು ಮಾಳಿಗೆಯ ಮೇಲಕ್ಕೆ ಒಯ್ದು, ಸೊಳ್ಳೆ ಹೋಗದಂತೆ ಬಲೆ ಕಟ್ಟಿ, ತೆರೆದೇ ಬಿಡಬೇಕು. ಅಂದಗೆಡುವುದೆಂದು ಅದನ್ನು ಮುಚ್ಚಿಸಿದ ಮನೆಯೊಡೆಯರನ್ನು ನಾವು ಬಲ್ಲೆವು. ಅವರ ಮನೆಯಲ್ಲಿ ಊದುಬತ್ತಿಯ ಖರ್ಚು ಹೆಚ್ಚು. ಇನ್ನೊಂದು ಮಾತು: ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿಯನ್ನು ದಾಟುವುದರಿಂದ, ರಜೆಯಲ್ಲಿ ಮುಚ್ಚಿದ ಬಚ್ಚಲಿನ ಟ್ರ್ಯಾಪು ತಾನಾಗಿಯೇ ಆರಿಹೋಗುವುದು. ಶಾಲೆ ತೆರೆಯುವ ಮುನ್ನಾದಿನ ಪ್ರತಿಯೊಂದಕ್ಕೂ ಒಂದೊಂದು ತಂಬಿಗೆ ನೀರು ಹೊಯ್ಯಿಸುವುದು ನಮ್ಮ ಪದ್ಧತಿ. ಬಹುಕಾಲ ಬೀಗ ಹಾಕಿದ್ದ ಮನೆಗೆ ಬರುವವರೂ ಹೀಗೆ ಮಾಡಬಹುದು.

ಇದೆಲ್ಲ ಅವರವರ ಮನೆಯ ಅನುಕೂಲವಾದರೆ ಸರಕಾರವು ನಿಯಮಗಳನ್ನು ಮಾಡುವುದೇಕೆ? ಒಂದು ಮನೆಯ ಕೊಳವೆಯು ಇನ್ನೊಂದರ ಕೊಳವೆಗೆ ಸೇರಿದ ದಿನದಿಂದ ಅದು ಊರಿನ ಮಾತಾಯಿತು. ನಮ್ಮ ಈ ಮೂರು ತಾಲ್ಲೂಕುಗಳೂ ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ರಾಜಧಾನಿಯನ್ನು 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರ ಹಾಳುಮಾಡಿದ ಮೇಲೆ, ಮರುವರ್ಷ ಅಲ್ಲಿಗೆ ಕರೆಸಲ್ಪಟ್ಟ ಎಂ. ವಿಶ್ವೇಶ್ವರಯ್ಯನವರು ಪ್ರವಾಹದ ತಡೆಯ ಜೊತೆಗೆ ನಗರದ ಒಳಚರಂಡಿಗೂ ಯೋಜನೆಯನ್ನು ಸಿದ್ಧಪಡಿಸಿದರು. ಅಂಥ ಏರ್ಪಾಟಿನಲ್ಲಿ ಒಬ್ಬನ ಟ್ರ್ಯಾಪಿಲ್ಲದ ಬಚ್ಚಲು ಬೀದಿಯವರೆಲ್ಲರ ಪಾಲಿಗೆ ತೊಂದರೆಯಾಗುವುದು.

ಇನ್ನು ಅಳತೆಗಳ ಲೆಕ್ಕವನ್ನು ಶಾಸ್ತ್ರೀಯವಾಗಿ ಕಟ್ಟಿದವರಲ್ಲಿ ಮುಖ್ಯರು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ರಾಯ್ ಹಂಟರ್ ಎಂಬವರು. 1920ರ ದಶಕದಲ್ಲಿ ಅಲ್ಲಿ ಒಂದು ಮೂಲಮಾನವನ್ನು ಗೊತ್ತುಮಾಡಿದರು: ಒಂದು ಬೇಸಿನ್ನು ನಿಮಿಷಕ್ಕೆ ಬಿಡುವ ಸುಮಾರು 28 ಲೀಟರು ನೀರೆಂದರೆ ಒಂದು ಮಾನ. ಸಂಡಾಸಿಗೆ ಆಗ ಆರು ಮಾನಗಳು. ಫ್ಲಶ್ಶಿನ ನೀರು ಕಡಿಮೆಯಾಗಿರುವ ಈಗ ಮೂರು, ನಾಲ್ಕು. ಮನೆಯ ಮಾನಗಳನ್ನೆಲ್ಲ ಕೂಡಿ ಮುಖ್ಯ ಕೊಳವೆಯ ಅಳತೆಯನ್ನು ನೋಡುವುದು. ಆದರೆ ಎಲ್ಲ ನಳಗಳೂ ಎಲ್ಲ ಸಂಡಾಸುಗಳೂ ಒಂದೇ ಕ್ಷಣದಲ್ಲಿ ಹರಿಯುವುದು ಅಪರೂಪವಷ್ಟೆ. ಆ ಅಪರೂಪವೆಷ್ಟೆಂಬುದನ್ನು ಹಂಟರರು 1940ರ ತಮ್ಮ ವರದಿಯಲ್ಲಿ ಸಂಭವನೀಯತೆಯ ಗಣಿತದಿಂದ ಎಣಿಸಿದರು. ಬಿರುಸಿನ ಬಳಕೆಯ ಹೊತ್ತಿನಲ್ಲಿ ಒಂದು ಸಂಡಾಸು 5 ನಿಮಿಷಕ್ಕೊಮ್ಮೆ, 9 ಸೆಕೆಂಡುಗಳ ಕಾಲ ನೀರು ಬಿಡುವುದೆಂದು ಇಟ್ಟುಕೊಂಡರೆ, ಯಾವುದಾದರೂ ಒಂದು ಕ್ಷಣದಲ್ಲಿ ಅದು ಹರಿಯುತ್ತಿರುವ ಸಂಭವ 100ಕ್ಕೆ 3. ಎರಡು ಸಂಡಾಸುಗಳು ಒಟ್ಟಿಗೆ ಹರಿಯುತ್ತಿರುವ ಸಂಭವ 10,000ಕ್ಕೆ 9 ಮಾತ್ರ. ಆದುದರಿಂದ ಹತ್ತು ಸಂಡಾಸುಗಳಿದ್ದ ಮಾತ್ರಕ್ಕೆ ಹತ್ತರಷ್ಟು ಕೊಳವೆ ಬೇಡ. 100ರಲ್ಲಿ 99 ಪಾಲು ಸಮಯಕ್ಕೆ ಸಾಕಾಗುವಷ್ಟಿದ್ದರೆ ಆಯಿತು. ನಮ್ಮ ದೇಶದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆಯು 1970ರಲ್ಲಿ ಮೊದಲು ಪ್ರಕಟವಾಯಿತು. 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಕೊಳವೆಗಳ ವಿಷಯವೂ ಅದರಲ್ಲಿದೆ.

ಈ ಗಣಿತವು ಸೊಗಸಾದದ್ದು. ಆದರೂ ಒಂದು ವಸತಿಗೃಹದ ಮೇಲ್ವಿಚಾರಣೆ ಮಾಡಿದವರಿಗೆ ಅದರ ಒಂದು ಆಧಾರವು ಎಲ್ಲಿ ಸಡಿಲವಾಗುವುದೆಂಬುದು ಕೂಡಲೇ ತಿಳಿಯುವುದು. ಒಬ್ಬರು ನೀರು ಬಿಡುವುದಕ್ಕೂ ಇನ್ನೊಬ್ಬರು ಬಿಡುವುದಕ್ಕೂ ಸಂಬಂಧವಿಲ್ಲವೆಂದು ಆ ಲೆಕ್ಕವು ನಂಬುವುದು. ನಮ್ಮಲ್ಲಿ ಸಂಬಂಧವಿದೆ, ಅದರ ಹೆಸರು ಗಂಟೆ. ಬೆಳಗಿನ ಗಂಟೆಯಾದೊಡನೆ ಎಲ್ಲ ಹುಡುಗಿಯರೂ ಒಟ್ಟಿಗೇ ಏಳುವರು, ಒಟ್ಟಿಗೇ ಸಾಲುಹಿಡಿಯುವರು, ಎರಡನೆಯ ಗಂಟೆಗೆ ಮುಂಚೆ ಒಟ್ಟಿಗೇ ಬಕೆಟ್ಟುಗಳನ್ನು ಬರಿದುಮಾಡುವರು. ಎಂಟು ಬಚ್ಚಲುಗಳಿಂದ 20 ಲೀಟರಿನ ಎಂಟು ಬಕೆಟ್ಟುಗಳು ಒಂದೇ ನಿಮಿಷದಲ್ಲಿ ಬರಿದಾದರೆ 160 ಲೀಟರಾಯಿತು. 4 ಇಂಚಿನ ಕೊಳವೆಯು ಅರ್ಧ ತುಂಬಿ, ನಾವು ಮೇಲೆ ಹೇಳಿದ ವೇಗದಿಂದ ಹರಿದರೆ ನಿಮಿಷಕ್ಕೆ ಸಾಗಿಸುವುದು ಸುಮಾರು 175 ಲೀಟರು. ಸಂಡಾಸುಗಳ ನೀರೂ ಬಟ್ಟೆ ಒಗೆಯುವ ಕಲ್ಲಿನ ನೀರೂ ಇದಕ್ಕೆ ಕೂಡಿದರೆ ಗಾಳಿಗೆ ಸ್ಥಳವೆಲ್ಲಿ? 6 ಇಂಚಿನದಾದರೋ ಅದೇ ರೀತಿಯಲ್ಲಿ ಸುಮಾರು 400 ಲೀಟರನ್ನು ಒಯ್ಯುವುದು. ಆದುದರಿಂದ ಗೌಂಡಿಯ ಆರಿಂಚಿಗೆ ಕೊನೆಗೂ ಒಂದು ಸ್ಥಾನ ದೊರೆಯಿತು: ಎಲ್ಲವೂ ಬಂದು ಸೇರುವ ಹೊರಗಿನ ಮುಖ್ಯ ಕೊಳವೆಗೆ ಅದನ್ನೇ ಹಾಕಿಸಿದೆವು, ಪ್ರತಿಯೊಂದು ಸಂಡಾಸಿಗೆ 4 ಇಂಚಿನದನ್ನೇ ಇರಿಸಿದೆವು. ಸಾಧಾರಣ ಮನೆಗೆ ಹೊರಗೂ 4 ಇಂಚು ಸಾಕು. ಆದರೆ ನೀರು ಹೋಗುವ ದಿಕ್ಕಿನಲ್ಲಿ ಕೊಳವೆಯು ಎಲ್ಲಿಯೂ ಮೊದಲಿಗಿಂತ ಕಿರಿದಾಗಕೂಡದು. ಕಿರಿದಾದಲ್ಲಿ ಕಸ ನಿಂತೇ ನಿಲ್ಲುವುದು.

ಪುಸ್ತಕದ ಅಳತೆಗಳಿಗೆ ನಮ್ಮ ಸೀಮೆಯು ಸೇರಿಸುವ ಮಾತುಗಳೂ ಕೆಲವಿವೆ. ಭೀಮೆಯ ದಂಡೆಯ ಈ ಪ್ರದೇಶದಲ್ಲಿ ಸುಣ್ಣದ ಕಲ್ಲು ಹೇರಳವಾಗಿರುವುದರಿಂದ ಬಾವಿ ಬೋರುಗಳ ನೀರು ಬಹಳ ಕಡೆ ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವುದರ ಬದಲು ಮೊಸರಿನಂತೆ ಒಡೆದು ಜಿಗುಟಾಗುವುದು. ಅದು ಬಚ್ಚಲಿನ ಕೊಳವೆಯ ಗೋಡೆಗೆ ಪದರಪದರವಾಗಿ ಹತ್ತುವುದು. ತಲೆಗೆ ಹಚ್ಚಿದ ಎಣ್ಣೆ ಅದಕ್ಕೆ ಸೇರುವುದು. ಉದ್ದ ಜಡೆಯ ಹುಡುಗಿಯರ ಕೂದಲು ಅದರಲ್ಲಿ ಸಿಕ್ಕಿಕೊಂಡು ಬಲೆಯಾಗುವುದು. ಇವತ್ತು 75 ಮಿಲಿಮೀಟರಿದ್ದ ದಾರಿಯು ಕೆಲವು ವರ್ಷಗಳ ಮೇಲೆ ಅಷ್ಟೇ ಇರುವುದಿಲ್ಲ. ಬಚ್ಚಲಿಗೆ 50 ಸಾಕೆಂದು ಅಂಗಡಿಯವರು ಹೇಳಿದರೂ ಇಲ್ಲಿ 75ನ್ನೇ ಕೇಳಿರಿ. ಜಾಲರಿಯ ಮೇಲಿನ ಕೂದಲನ್ನು ಆಗಾಗ ತೆಗೆಯುವುದನ್ನು ಮಕ್ಕಳಿಗೆ ಕಲಿಸಿರಿ.

ಎರೆಯ ಭೂಮಿಯು ಇನ್ನೊಂದು ಬಗೆಯಲ್ಲಿ ಕಾಡುವುದು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಕೈ ಹಿಡಿಸುವಷ್ಟು ಬಿರುಕು ಬಿಡುವ ಆ ಮಣ್ಣಿನಲ್ಲಿ ಕೊಳವೆಯನ್ನು ಬರಿದೇ ಹೂತರೆ ಎರಡು ವರ್ಷಗಳಲ್ಲಿ ಅದು ಹಾವಿನಂತೆ ಅಂಕುಡೊಂಕಾಗಿ ಇಳಿಜಾರನ್ನು ಕಳೆದುಕೊಳ್ಳುವುದು. ಆಗ ಅಳತೆ ಸರಿಯಿದ್ದೂ ಪ್ರಯೋಜನವಿಲ್ಲ. ತಗ್ಗನ್ನು ಅಗಲವಾಗಿ ತೋಡಿಸಿ, ಕೆಳಗೂ ಬದಿಗೂ ಉಸುಕು ಅಥವಾ ಗರಸನ್ನು ಹಾಕಿಸಿ, ಅದರ ಮೇಲೆ ಕೊಳವೆಯನ್ನಿಡಿಸಬೇಕು.

ಹಳ್ಳಿಗಳಲ್ಲಿ ಫ್ಲಶ್ ತೊಟ್ಟಿಯೇ ಇರುವುದಿಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಿಂದ ಕಟ್ಟಿದ ಎರಡು ಗುಂಡಿಗಳ ಸಂಡಾಸುಗಳಿಗೆ ಕೈಯಿಂದಲೇ ಒಂದೂವರೆ ಎರಡು ಲೀಟರು ನೀರು ಸುರಿಯುವರು. ಕೊಡ ಹೊತ್ತು ತಂದ ನೀರಾದ್ದರಿಂದ ಹೆಚ್ಚು ಸುರಿಯಿರೆಂದು ಹೇಳುವುದು ನ್ಯಾಯವಲ್ಲ. ಆ ಸ್ವಲ್ಪ ನೀರೇ ಕೆಲಸ ಮಾಡುವಂತೆ ಅಲ್ಲಿನ ಕುಣಿಯು ಬಹಳ ಕಡಿದಾಗಿರುವುದು. ಟ್ರ್ಯಾಪಿನ ನೀರು ಎರಡು ಇಂಚಿನ ಬದಲು 20 ಮಿಲಿಮೀಟರು ಮಾತ್ರವಿರುವುದು. ಗುಂಡಿಗೆ ಹೋಗುವ 75ರ ಅಥವಾ 100ರ ಕೊಳವೆಗೆ 60ಕ್ಕೆ 1ರ ಬದಲು 15ಕ್ಕೆ 1ರ ಇಳಿಜಾರು ಬೇಕಾಗುವುದು. ಅಂಥಲ್ಲಿ ಪಟ್ಟಣದ ಅಂಗಡಿಯಿಂದ ಎರಡು ಇಂಚಿನ ನೀರಿನ ಟ್ರ್ಯಾಪನ್ನು ತಂದು ಕೂಡಿಸಿದರೆ, ಒಂದು ತಂಬಿಗೆಗೆ ಆಗುತ್ತಿದ್ದ ಕೆಲಸಕ್ಕೆ ಅರ್ಧ ಕೊಡ ಬೇಕಾಗುವುದು. ಆ ಕೊಡವನ್ನು ಹೊರುವವರು ಯಾರೆಂಬುದು ನಿಮಗೆ ಗೊತ್ತಿದೆ.

ಸಂಕೋಚಪಡದೆ ಹೇಳಬೇಕಾದ ಮಾತೊಂದುಂಟು. ತಿಂಗಳಿನ ಪ್ಯಾಡುಗಳನ್ನೂ ಬಟ್ಟೆಯನ್ನೂ ಸಂಡಾಸಿಗೆ ಹಾಕಿದರೆ ಯಾವ ಅಳತೆಯ ಕೊಳವೆಯೂ ಉಳಿಯದು. ಆ ವಸ್ತುವನ್ನು ನೀರು ಹೀರಿ ಉಬ್ಬುವುದಕ್ಕೆಂದೇ ಮಾಡಿದ್ದಾರೆ. ಹುಡುಗಿಯರು ಹಾಗೆ ಮಾಡುವುದು ಹಟದಿಂದಲ್ಲ, ಬೇರೆ ಸ್ಥಳವಿಲ್ಲದ್ದರಿಂದ. ಆದುದರಿಂದ ಹೊಸ ಶೌಚಗೃಹದ ಪ್ರತಿಯೊಂದು ಕೋಣೆಯಲ್ಲಿಯೂ ಮುಚ್ಚಳವಿರುವ ಡಬ್ಬಿಯನ್ನಿಟ್ಟಿದ್ದೇವೆ. ಸಂಡಾಸು ಕಟ್ಟಿಕೊಂಡ ವಾರದಲ್ಲಿ ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆಮಾಡುವರು. ದೊಡ್ಡ ತರಗತಿಯವರು ಮನೆಗೆ ಹೋಗುತ್ತೇವೆನ್ನುವರು. ಹೋದವರನ್ನು ಮರಳಿ ಕಳುಹಿಸಬೇಕೆಂದು ಎಲ್ಲ ತಂದೆತಾಯಿಗಳಿಗೂ ತೋರುವುದಿಲ್ಲ. ಇತ್ತ, ಕಟ್ಟಿಕೊಂಡ ಚೇಂಬರಿಗೆ ಕೈಯಿಕ್ಕಲು ಒಬ್ಬ ಮನುಷ್ಯನನ್ನು ಕರೆಯುವುದು ನಮ್ಮ ಊರುಗಳ ಹಳೆಯ ರೂಢಿ. ಮನುಷ್ಯರಿಂದ ಮಲವನ್ನು ಎತ್ತಿಸುವುದನ್ನು 1993ರ ಕಾನೂನು ನಿಷೇಧಿಸಿತು. 2013ರ ಕಾನೂನು ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೂ ಮಲಗುಂಡಿಗೂ ಇಳಿಸಕೂಡದೆಂದು ವಿಧಿಸಿತು. ಬಿದಿರಿನ ದಬ್ಬೆಯಿಂದ ಹೊರಗಿನಿಂದಲೇ ತೆರವುಮಾಡಲು ಬರುವಂತೆ, ತಿರುವು ಇರುವಲ್ಲೆಲ್ಲ ಬಿಚ್ಚುವ ಮುಚ್ಚಳವನ್ನು ಇಡಿಸಿರಿ. ಅದರ ಖರ್ಚು ಅಲ್ಪ.

ಕೊನೆಯದಾಗಿ, ಕೆಲಸ ಸರಿಯಾಗಿದೆಯೋ ಎಂಬುದನ್ನು ಮಣ್ಣು ಮುಚ್ಚುವ ಮೊದಲೇ ಪರೀಕ್ಷಿಸಬೇಕು. ಇದಕ್ಕೆ ಎಂಜಿನಿಯರರು ಬೇಕಿಲ್ಲ. ಕೊಳವೆಯ ಒಳವ್ಯಾಸಕ್ಕಿಂತ ಅರ್ಧ ಇಂಚು ಸಣ್ಣದಾದ ನುಣುಪಾದ ಚೆಂಡನ್ನು ಮೇಲಿನ ತುದಿಯಲ್ಲಿ ಬಿಟ್ಟರೆ ಅದು ಉರುಳಿಕೊಂಡು ಕೆಳಗಿನ ಚೇಂಬರಿಗೆ ಬರಬೇಕು; ನಡುವೆ ನಿಂತರೆ ಅಲ್ಲಿ ಸಿಮೆಂಟು ಉಳಿದಿದೆ, ಇಲ್ಲವೆ ಇಳಿಜಾರು ತಪ್ಪಿದೆ. ಆಮೇಲೆ ಒಂದು ತುದಿಯಲ್ಲಿ ದೀಪವನ್ನೂ ಇನ್ನೊಂದು ತುದಿಯಲ್ಲಿ ಕನ್ನಡಿಯನ್ನೂ ಹಿಡಿದು ನೋಡಬೇಕು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರು ಈ ಎರಡು ಪರೀಕ್ಷೆಗಳನ್ನೂ ತಾವೇ ಮಾಡಿದರು. ಎರಡನೆಯ ಸಾಲಿನ ಕೊಳವೆಯಲ್ಲಿ ಕನ್ನಡಿಯೊಳಗೆ ಪೂರ್ಣ ವೃತ್ತದ ಬದಲು ಅರ್ಧಚಂದ್ರನು ಕಂಡದ್ದರಿಂದ, ಗೌಂಡಿಯು ನಗುತ್ತಲೇ ಆ ಹತ್ತು ಅಡಿಯನ್ನು ಬಿಚ್ಚಿ ಮತ್ತೆ ಕೂಡಿಸಿದನು.